ಮಗ್ಗ ಓಡುವಾಗ

ಬಸ್ಸು ಗುಡ್ಡದ ತಿರುವು ದಾಟಿದ ಕೂಡಲೇ ಕಾಣಿಸುವುದು ಬಟ್ಟೆ ಮಿಲ್ಲಿನ ಚಿಮಣಿ. ಈ ಸಲವೂ ಕಾಣಿಸಿತು. ಆದರೆ ಬುಡದಿಂದ ತುದಿಯವರೆಗೆ ಅದರ ಮೈಮೇಲೆ ಯಾರೋ ಒಂದು ಜಿಂಕೆಯನ್ನು ಬಳಿದಿದ್ದರು. ಉದ್ದ ಕತ್ತು, ಕಾಡಿಗೆ ತೀಡಿದಂಥ ಕಣ್ಣು. ಮೂರು ತಲೆಮಾರಿನ ಎದೆಗೂಡಿಗೆ ಹೊಗೆ ತುಂಬಿದ ಚಿಮಣಿ ಈಗ ಹುಲ್ಲು ಬಿಟ್ಟರೆ ಬೇರೇನೂ ತಿನ್ನದ ಸಂಭಾವಿತನ ಹಾಗೆ ನಿಂತಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಪಟಾಕಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಅವಳಲ್ಲಿ ಇವೆರಡೂ ಒಂದನ್ನು ಬಿಟ್ಟು ಒಂದು ಬಂದದ್ದೇ ಕಡಿಮೆ.

ಪಟಾಕಿ ಅನ್ನುವುದು ದೊಡ್ಡಮ್ಮ ಇಟ್ಟ ಹೆಸರು. ಅಮ್ಮ ತೀರಿಹೋದ ಮೇಲೆ ಅವಳನ್ನು ಸಾಕಿದ್ದು ಅಮ್ಮನ ಅಕ್ಕ, ಈ ಊರಿನ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ ದೊಡ್ಡಮ್ಮ. ಮಾತು ಕಲಿತ ದಿನದಿಂದ ಸಿಡಿಯುತ್ತಿದ್ದ ಹುಡುಗಿ ದೊಡ್ಡವಳಾಗಿ ನಗರ ಸೇರಿ, ಹೊಲಿಗೆ ಕಾರ್ಖಾನೆಯ ಹೆಂಗಸರ ಸಂಘ ಕಟ್ಟಿ, ಸಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದಳು. ವೇದಿಕೆ ಸಿಕ್ಕಲ್ಲೆಲ್ಲ ಅವಳು ದೊಡ್ಡಮ್ಮನ ಕಥೆ ಹೇಳುತ್ತಿದ್ದಳು: ಮಿಲ್ಲಿನ ಕೊನೆಯ ಮುಷ್ಕರದಲ್ಲಿ ಗೇಟಿನ ಮುಂದೆ ಹಾಡುತ್ತಾ ನಿಂತ ಹೆಂಗಸು, ಹೆದರಿಕೆ ಅನ್ನುವುದೇ ಗೊತ್ತಿಲ್ಲದ ಹೆಂಗಸು. ಕೇಳಿದವರ ಮೈ ಜುಮ್ಮೆನ್ನುತ್ತಿತ್ತು.

ಈಗ ಆ ಹೆಂಗಸಿನ ಚಿತ್ರ ಒಂದು ಹೋಟೆಲಿನ ಜಾಹೀರಾತಿನಲ್ಲಿತ್ತು. ಮಿಲ್ಲು ಮುಚ್ಚಿ, ಅದರ ಹಿಂದಿನ ಕಾಡು ಪ್ರಾಣಿಗಳ ಅಭಯವನವಾಗಿ, ಮಿಲ್ಲಿನ ಕಟ್ಟಡವೇ ಪ್ರವಾಸಿಗಳ ಹೋಟೆಲಾಗಿ, ಅದರೊಳಗೆ ಎರಡು ಮಗ್ಗಗಳನ್ನು ಒರೆಸಿ ನಿಲ್ಲಿಸಿ, ವಾರಕ್ಕೊಮ್ಮೆ ಓಡಿಸಿ ತೋರಿಸುತ್ತಿದ್ದರು. ಮಗ್ಗದ ಮುಂದೆ ದೊಡ್ಡಮ್ಮ, ದೊಡ್ಡಮ್ಮನ ಮುಂದೆ ಕೆಂಪು ಹಗ್ಗ, ಕೆಳಗೆ ‘ಕಾಡಿನ ಪ್ರಾಣಿಗಳನ್ನು ನೋಡಿ, ಮಿಲ್ಲಿನ ಜೀವಂತ ಪರಂಪರೆಯನ್ನೂ ನೋಡಿ’ ಎಂಬ ಸಾಲು. ಪಟಾಕಿ ಅದನ್ನು ಓದಿ ಕುದ್ದುಹೋಗಿದ್ದಳು. ಚೀಲದಲ್ಲಿ ಕರಪತ್ರದ ಕಟ್ಟು ತಂದಿದ್ದಳು. ‘ಮನುಷ್ಯರ ಮೃಗಾಲಯ ನಿಲ್ಲಿಸಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಈ ಮಧ್ಯಾಹ್ನದ ಪ್ರದರ್ಶನದ ನಡುವೆಯೇ ಎದ್ದು ನಿಂತು, ಅತಿಥಿಗಳ ಮುಖಕ್ಕೆ ಹೇಳಬೇಕಾದ್ದನ್ನೆಲ್ಲ ಹೇಳಿ, ದೊಡ್ಡಮ್ಮನನ್ನು ಕೈಹಿಡಿದು ಹೊರಗೆ ಕರೆತರುವುದು ಎಂದು ಗಟ್ಟಿ ಮಾಡಿಕೊಂಡೇ ಬಸ್ಸಿಳಿದಳು.

ಪೇಟೆಬೀದಿ ಚೊಕ್ಕಟವಾಗಿತ್ತು. ನೂಲಿನ ಗೋದಾಮಿದ್ದಲ್ಲಿ ದುರ್ಬೀನುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುತ್ತಿದ್ದ ಮನೆಯಲ್ಲಿ ಅಭಯವನದ ಟಿಕೆಟ್ಟು. ಕಾರ್ಮಿಕ ಸಂಘದ ಕಚೇರಿ ಕಾಫಿ ಅಂಗಡಿಯಾಗಿತ್ತು, ಅದರ ಹೆಸರು ‘ಮುಷ್ಕರ’. ಒಳಗೆ ಮೆತ್ತನೆ ಕುರ್ಚಿ, ಗೋಡೆಗೆ ಎತ್ತಿದ ಮುಷ್ಟಿಯ ಚಿತ್ರ, ಮುಷ್ಟಿಯೊಳಗೊಂದು ಕಾಫಿ ಲೋಟ. ಪಟಾಕಿ ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದುಕೊಂಡಳು. ಈ ಊರಲ್ಲಿ ಮರದ ಕೊಂಬೆ ಮುರಿದರೆ ಜೈಲು, ಊರಿಗೆ ಊರೇ ಅನ್ನುವಷ್ಟು ಜನರ ಹೊಟ್ಟೆಯ ಮೇಲೆ ಹೊಡೆದವರಿಗೆ ಮಾತ್ರ ಹೋಟೆಲು ಕಟ್ಟಲು ಪರವಾನಗಿ! ಹಾಗಂದುಕೊಂಡು ತಿರುಗಿದರೆ ಬೀದಿಯ ನಡುವೆ ನಿಜವಾದ ಜಿಂಕೆಯೊಂದು ಅಂಚೆಪೆಟ್ಟಿಗೆಗೆ ಬೆನ್ನು ಉಜ್ಜಿಕೊಳ್ಳುತ್ತಾ ಸುಖವಾಗಿ ಕಣ್ಣು ಮುಚ್ಚಿತ್ತು. ಜಿಂಕೆಯ ಮೇಲೆ ಸಿಟ್ಟಾಗುವುದು ಪಟಾಕಿಯಿಂದಲೂ ಆಗಲಿಲ್ಲ.

ಮಿಲ್ಲಿನವರ ಸಾಲುಮನೆಗಳು ಮಾತ್ರ ಹಾಗೇ ಇದ್ದವು. ಒಂದರ ಗೋಡೆಗೆ ಒಂದು ಆತುಕೊಂಡು, ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರ ಮನೆಯಲ್ಲಿ ಕೇಳಿಸುವಂಥ ಮನೆಗಳು. ದೊಡ್ಡಮ್ಮ ಹೊಸ್ತಿಲಲ್ಲೇ ಅವಳನ್ನು ತಬ್ಬಿ, ದೂರ ಹಿಡಿದು ನೋಡಿ, ಮತ್ತೆ ತಬ್ಬಿದಳು.

“ಏನೇ ಇದು, ಒಣಗಿ ಕಡ್ಡಿ ಆಗಿದೀಯ! ಊರಿನವರ ಹೊಟ್ಟೆಗೆಲ್ಲ ಹೋರಾಡ್ತೀಯ, ನಿನ್ನ ಹೊಟ್ಟೆಗೆ ಯಾರು ಹೋರಾಡ್ಬೇಕು?”

“ದೊಡ್ಡಮ್ಮ, ಕಿರುಚಬೇಡ. ನಾನು ಇಲ್ಲೇ ಇದೀನಿ.”

“ನಾನೆಲ್ಲಿ ಕಿರುಚಿದೆ?” ಎಂದು ದೊಡ್ಡಮ್ಮ ಕಿರುಚಿದಳು.

ಮಗ್ಗಗಳ ಗದ್ದಲ ಅವಳ ಕಿವಿಯನ್ನು ಅರ್ಧ ತಿಂದುಹಾಕಿತ್ತು. ಆ ಊರಿನ ಮಗ್ಗದ ಹೆಂಗಸರೆಲ್ಲರ ಪಾಡೂ ಅದೇ. ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಹಜಾರದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸುವಂತಿರಲಿಲ್ಲ. ಹಾಗಾಗಿ ಅವರು ಸ್ವರವನ್ನೇ ಬಿಟ್ಟು, ತುಟಿ ಅಗಲಿಸಿ, ಹುಬ್ಬು ಹಾರಿಸಿ, ಬೆರಳು ಕುಣಿಸಿ ಮಾತಾಡುವುದನ್ನು ಕಲಿತರು. ಮಿಲ್ಲಿನ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಮಾತು ತೊಟ್ಟಿಲಿನಿಂದಲೇ ಬರುತ್ತಿತ್ತು. ಪಟಾಕಿಗೂ ಬರುತ್ತಿತ್ತು.

ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಗೋಡೆಯಾಚೆಯ ಹಿತ್ತಿಲಿನಿಂದ ಒಂದು ದನಿ ಬಂತು.

“ಪೊರಕೇ, ಕೆಲವರ ಮನೆ ಹಾಲು ಉಕ್ತಾ ಇದೆ ನೋಡು. ಕಿವಿ ಹೋಯ್ತು ಸರಿ, ಮೂಗೂ ಹೋಯ್ತಾ?”

ದೊಡ್ಡಮ್ಮ ಹಾಲು ಇಳಿಸಿ, ಪಾತ್ರೆಗೆ ಮುಖ ಕೊಟ್ಟು ಗಟ್ಟಿಯಾಗಿ ಹೇಳಿದಳು: “ಪಾತ್ರೇ, ನಿನ್ನ ಉಸಾಬರಿ ಯಾರಿಗೂ ಬೇಡ ಅಂತ ಹೇಳು. ಮೋಡ ಕವೀತಾ ಇದೆ, ತಮ್ಮ ಹಾಸಿಗೆ ಒಳಗೆ ತಗೊಳ್ಳಲಿ ಅಂತಾನೂ ಹೇಳು.”

ಗೋಡೆಯಾಚೆಯವಳು ಗುಂಗುರಿ. ಕೂದಲು ಗುಂಗುರಾಗಿದ್ದರಿಂದ ಮಿಲ್ಲಿಗೆ ಸೇರಿದ ದಿನ ಬಿದ್ದ ಹೆಸರು. ಈಗ ತಲೆ ಹತ್ತಿಯಂತೆ ಬೆಳ್ಳಗಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ದೊಡ್ಡಮ್ಮನ ಎದುರು ಮಗ್ಗದವಳು. ಕೆಲಸಕ್ಕೆ ಸೇರಿದ ದಿನದಿಂದ ಜೀವದ ಗೆಳತಿ. ಕೊನೆಯ ಮುಷ್ಕರದಲ್ಲಿ ಇಡೀ ಹಜಾರ ಗೇಟಿನ ಹೊರಗೆ ನಿಂತಿದ್ದಾಗ ಒಂದು ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಒಳಗೆ ನಡೆದುಹೋದವಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮುಷ್ಕರ ಮುರಿಯಿತು, ಆಮೇಲೆ ಮಿಲ್ಲೂ ಮುಚ್ಚಿತು. ಅವತ್ತಿನಿಂದ ಈ ಇಬ್ಬರು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿದ್ದಿಲ್ಲ. ಪೊರಕೆ, ಪಾತ್ರೆ, ಬಾಗಿಲ ಚಿಲಕ ಇವುಗಳ ಮೂಲಕವೇ ಎಲ್ಲ ವ್ಯವಹಾರ. ಪಟಾಕಿಯ ಭಾಷಣಗಳಲ್ಲಿ ಗುಂಗುರಿಗೆ ಹೆಸರಿರಲಿಲ್ಲ. ‘ಒಬ್ಬಳು ದ್ರೋಹಿ’ ಎಂದಷ್ಟೇ ಬರುತ್ತಿದ್ದಳು.

ಚಹಾ ಕುಡಿಯುತ್ತಾ ಪಟಾಕಿ ಕರಪತ್ರ ತೆಗೆದು ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿ, “ಅಕ್ಷರ ಚೆನ್ನಾಗಿದೆ. ಮೃಗ ಯಾರು, ನಾನಾ?” ಎಂದಳು.

“ತಮಾಷೆ ಮಾಡಬೇಡ ದೊಡ್ಡಮ್ಮ. ಹಗ್ಗದ ಈಚೆ ನಿಂತು ನಿನ್ನನ್ನ ನೋಡೋಕೆ ಬರ್ತಾರೆ. ಬೆಳಿಗ್ಗೆ ಕರಡಿ, ಮಧ್ಯಾಹ್ನ ನೀನು. ನಿನಗೆ ಬೇಜಾರಾಗಲ್ವಾ?”

“ಕರಡಿಗೆ ಬೇಜಾರಾ? ನೋಡಿದೋರು ನೋಡ್ಕೊಳ್ಳಲಿ. ನನಗೆ ಅವರ ಹತ್ರ ಕೆಲಸ ಇಲ್ಲ, ಅವಳ ಹತ್ರ ಇದೆ.” ದೊಡ್ಡಮ್ಮ ಗೋಡೆಯ ಕಡೆ ಗದ್ದ ತೋರಿಸಿದಳು. “ಎದುರು ಮಗ್ಗಕ್ಕೆ ಅವಳನ್ನೇ ಕರೆದಿದಾರೆ.”

“ಆ ದ್ರೋಹಿ ಜೊತೆ ನಿಂತ್ಕೋತೀಯಾ ನೀನು?”

“ನಿಂತ್ಕೊಳ್ಳೋದಲ್ಲ, ಮಾತಾಡ್ತೀನಿ.” ಈ ಸಲ ದೊಡ್ಡಮ್ಮ ದನಿ ತಗ್ಗಿಸಿದಳು. “ಮಗ್ಗ ಓಡುವಾಗ ಹಗೆ ಇಲ್ಲ. ನಿನಗೆ ಗೊತ್ತಲ್ಲ?”

ಪಟಾಕಿಗೆ ಗೊತ್ತಿತ್ತು. ಅದು ಆ ಹಜಾರದ ಕಟ್ಟಳೆ. ದೊಡ್ಡಮ್ಮನ ಅಮ್ಮನ ಕಾಲದಲ್ಲಿ ಇಬ್ಬರು ಹೆಂಗಸರು ಜಗಳವಾಡಿ ಮುಖ ತಿರುಗಿಸಿಕೊಂಡಿದ್ದರಂತೆ. ಒಬ್ಬಳ ಜಡೆ ಮಗ್ಗದ ಬೆಲ್ಟಿಗೆ ಸಿಕ್ಕುವುದನ್ನು ಇನ್ನೊಬ್ಬಳು ಕಂಡೂ, ಹಟಕ್ಕೆ ಬಿದ್ದು ಒಂದು ಗಳಿಗೆ ತಡಮಾಡಿದಳಂತೆ. ಜೀವ ಹೋಗಲು ಆ ಗಳಿಗೆಯೇ ಸಾಕಾಯಿತು. ಅಂದಿನಿಂದ ಹಜಾರದ ಹೆಂಗಸರು ತಾವೇ ಹಾಕಿಕೊಂಡ ನೇಮ ಇದು: ಹೊರಗೆ ಎಂಥ ಜಗಳವಾದರೂ ಇರಲಿ, ಮಗ್ಗ ಓಡುತ್ತಿರುವಷ್ಟು ಹೊತ್ತು ಎದುರಿನವಳ ಕಣ್ಣು ತಪ್ಪಿಸುವ ಹಾಗಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡದೆ ಇರುವ ಹಾಗಿಲ್ಲ. ಮಗ್ಗ ನಿಂತ ಮೇಲೆ ಬೇಕಾದರೆ ಮತ್ತೆ ಮುಖ ತಿರುಗಿಸಿಕೊಳ್ಳಬಹುದು.

“ಮಿಲ್ಲು ಮುಚ್ಚಿದ ಮೇಲೆ ಓಡೋ ಮಗ್ಗ ಎಲ್ಲಿತ್ತು ಹೇಳು? ಈಗ ಸಿಕ್ಕಿದೆ. ವಾರಕ್ಕೊಂದು ಸಲ, ಲಾಳಿಯೊಳಗಿನ ಒಂದು ಕಂಡಿಕೆ ನೂಲು ಮುಗಿಯೋವಷ್ಟು ಹೊತ್ತು. ಈಚಿನ ಸಂಗತಿಯಿಂದ ಶುರುಮಾಡಿ ಒಂದೊಂದಾಗಿ ಹಿಂದಕ್ಕೆ ಹೋಗ್ತಾ ಇದೀವಿ ನಾವಿಬ್ರೂ. ಅವಳ ಮೊಮ್ಮಗು, ನನ್ನ ಮಂಡಿನೋವು, ಅವಳ ಗಂಡ ಸತ್ತಿದ್ದು, ನಾನು ಹೋಗಿ ಬಾಗಿಲಲ್ಲೇ ನಿಂತು ಬಂದಿದ್ದು... ಹೋದ ವಾರ ಮಿಲ್ಲು ಮುಚ್ಚಿದ ದಿನಕ್ಕೆ ಬಂದ್ವಿ. ಇವತ್ತು ಮುಷ್ಕರ.” ದೊಡ್ಡಮ್ಮ ಕಪ್ಪನ್ನು ಅಂಗೈಯಲ್ಲಿ ತಿರುಗಿಸಿದಳು. “ಇವತ್ತು ಕೇಳ್ತೀನಿ, ಯಾಕೆ ಒಳಗೆ ಹೋದೆ ಅಂತ. ಅವಳು ಹೇಳಲೇಬೇಕು.”

“ಅಷ್ಟಕ್ಕೆ ಹೋಟೆಲ್ ಯಾಕೆ? ಗೋಡೆ ಆಚೆನೇ ಇದಾಳಲ್ಲ, ಹೋಗಿ ಕೇಳು!”

“ಮಗ್ಗ ಇಲ್ಲದೆ? ನಾನಾಗಿ ಹೋಗಿ?” ದೊಡ್ಡಮ್ಮ ಹೌಹಾರಿದಳು. “ಅವಳು ಬಾಗಿಲು ಹಾಕ್ಕೊಂಡ್ರೆ ಏನೇ ಮಾಡಲಿ? ಪಾತ್ರೆ ಮೂಲಕ ಕೇಳೋ ಮಾತಲ್ಲ ಅದು. ಮುಖ ನೋಡಿ ಕೇಳಬೇಕು. ನೀನು ಸಿಡಿಯೋದಿದ್ರೆ ಅವಳ ಉತ್ತರ ಬಂದ ಮೇಲೆ ಸಿಡಿ. ಅಲ್ಲೀವರೆಗೆ ತೆಪ್ಪಗೆ ಕೂತಿರು.”

ಪಟಾಕಿ ಕರಪತ್ರವನ್ನು ಮತ್ತೆ ಚೀಲಕ್ಕೆ ತುಂಬಿಕೊಂಡಳು.

ಮಧ್ಯಾಹ್ನ, ಈಗ ಹೋಟೆಲಾಗಿದ್ದ ಹಜಾರದ ಒಳಗೆ ಕಾಲಿಟ್ಟಾಗ ಅವಳಿಗೆ ಮೊದಲು ಗೊತ್ತಾದದ್ದು ಅಲ್ಲಿ ವಾಸನೆಯೇ ಇಲ್ಲವೆಂಬುದು. ಎಣ್ಣೆ, ಗಂಜಿ, ಬೆವರು, ಹತ್ತಿಯ ಧೂಳು ಯಾವುದೂ ಇಲ್ಲ. ನೆಲ ಕನ್ನಡಿಯಂತಿತ್ತು. ಎತ್ತರದ ಕಿಟಕಿಗಳಾಚೆ ಕಾಡಿನ ಹಸಿರು. ನಡುವೆ ಎರಡು ಮಗ್ಗ, ಎದುರುಬದುರು. ಹಗ್ಗದ ಈಚೆ ಸಾಲು ಕುರ್ಚಿಗಳಲ್ಲಿ ಅತಿಥಿಗಳು, ಕೊರಳಲ್ಲಿ ದುರ್ಬೀನು. ದೊಡ್ಡಮ್ಮ ತಲೆಗೂದಲನ್ನು ಬಟ್ಟೆಯಿಂದ ಬಿಗಿದು ಒಂದು ಮಗ್ಗದ ಹತ್ತಿರ, ಗುಂಗುರಿ ಇನ್ನೊಂದರ ಹತ್ತಿರ. ಒಬ್ಬಳು ಚಾವಣಿ ನೋಡುತ್ತಿದ್ದಳು, ಇನ್ನೊಬ್ಬಳು ಉಗುರು ನೋಡಿಕೊಳ್ಳುತ್ತಿದ್ದಳು.

ಎಳೆಯ ಮುಖದ ಮ್ಯಾನೇಜರ್ ಗೋಡೆಯ ಸ್ವಿಚ್ಚು ಒತ್ತಿದ. ಮಗ್ಗಗಳು ಎದ್ದವು. ಲಾಳಿ ಆ ತುದಿಯಿಂದ ಈ ತುದಿಗೆ ಹಾರಿತು, ಬಾಚಣಿಗೆಯಂಥ ಹಣಿಗೆ ನೂಲನ್ನು ಬಡಿಯಿತು, ನೆಲ ಅದುರಿತು. ಅತಿಥಿಗಳು ಕಿವಿ ಮುಚ್ಚಿಕೊಂಡರು. ಬೇಡವೆಂದರೂ ಪಟಾಕಿಯ ಬಾಲ್ಯವೆಲ್ಲ ಆ ಸದ್ದಿನೊಳಗಿತ್ತು.

ಅದೇ ಗಳಿಗೆಗೆ ಇಬ್ಬರು ಮುದುಕಿಯರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿದರು. ತುಟಿಗಳು ಹೊರಟವು.

‘ಮೊದಲ ಸಾಲಿನ ಕೆಂಪು ಟೋಪಿ ನೋಡು,’ ಎಂದಳು ಗುಂಗುರಿ, ಸ್ವರವಿಲ್ಲದೆ. ‘ಹೋದ ವಾರದ್ದಕ್ಕಿಂತ ಚೆಂದ ಇದಾನೆ.’

‘ಹಲ್ಲು ಕಟ್ಟಿಸಿದ್ದು. ಕಾಫಿ ಕುಡಿಯುವಾಗ ನೋಡಿದೆ.’

‘ನಿನ್ನ ಪಟಾಕಿ ಬಂದಿದಾಳಲ್ಲ. ಮುಖ ಯಾಕೆ ಹಾಗಿದೆ?’

‘ನಮ್ಮನ್ನ ಬಿಡಿಸೋಕೆ ಬಂದಿದಾಳಂತೆ.’

‘ಅಯ್ಯೋ ಪಾಪ. ಏನಾದ್ರೂ ತಿಂದಳಾ?’

ಅತಿಥಿಗಳು ಫೋನು ಎತ್ತಿ ಚಿತ್ರ ತೆಗೆಯುತ್ತಿದ್ದರು. ತಮ್ಮ ಹಲ್ಲು, ಹೊಟ್ಟೆ, ಬೂಟುಗಳೆಲ್ಲ ಅಲ್ಲಿ ಹರಾಜಾಗುತ್ತಿವೆ ಎಂಬುದರ ಸುಳಿವೂ ಅವರಿಗಿರಲಿಲ್ಲ. ಯಾರು ಯಾರನ್ನು ನೋಡಲು ಬಂದವರು! ಪಟಾಕಿ ನಗು ತಡೆಯಲು ಕೆನ್ನೆ ಕಚ್ಚಿಕೊಂಡಳು. ಆಮೇಲೆ ದೊಡ್ಡಮ್ಮನ ಮುಖ ಬದಲಾದದ್ದನ್ನು ಕಂಡಳು. ಕೈಗಳು ಮಗ್ಗದ ಮೇಲೆ ತಮ್ಮ ಪಾಡಿಗೆ ಓಡಾಡುತ್ತಿದ್ದವು, ಕಣ್ಣು ಮಾತ್ರ ಎದುರಿನವಳ ಮೇಲಿಂದ ಕದಲಲಿಲ್ಲ.

‘ಅವತ್ತು ಯಾಕೆ ಒಳಗೆ ಹೋದೆ?’

ಗುಂಗುರಿ ಕಣ್ಣು ತಪ್ಪಿಸಲಿಲ್ಲ. ನೇಮ ನೇಮವೇ. ಬಾಯಿ ತೆರೆದಳು.

ಮಗ್ಗಗಳು ನಿಂತುಹೋದವು.

ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಮ್ಯಾನೇಜರ್ ನಗುತ್ತಿದ್ದ. “ಗೌರವಾನ್ವಿತ ಅತಿಥಿಗಳೇ, ಈ ಸದ್ದಿನಿಂದ ಕಾಡಿನ ನೆಮ್ಮದಿ ಕೆಡ್ತಾ ಇದೆ ಅಂತ ಅಭಯವನದವರು ಹೇಳಿದಾರೆ. ಹಾಗಾಗಿ ಇವತ್ತಿನಿಂದ ಹೊಸ ವ್ಯವಸ್ಥೆ. ಕುರ್ಚಿ ಪಕ್ಕದಲ್ಲಿರೋ ಹೆಡ್‌ಫೋನ್ ಹಾಕ್ಕೊಳ್ಳಿ. ಮಗ್ಗದ ಸದ್ದನ್ನ ನಾವು ರೆಕಾರ್ಡ್ ಮಾಡಿದೀವಿ, ಬೇಕಾದಷ್ಟು ಕಮ್ಮಿ ಮಾಡ್ಕೊಂಡು ಕೇಳಬಹುದು. ನಮ್ಮ ಅಜ್ಜಿಯರು ಮುಂಚಿನ ಹಾಗೇ ಕೈ ಆಡಿಸ್ತಾ ಇರ್ತಾರೆ.”

ಅತಿಥಿಗಳು ಚಪ್ಪಾಳೆ ತಟ್ಟಿ ಹೆಡ್‌ಫೋನು ಹಾಕಿಕೊಂಡರು. ಗುಂಗುರಿಯ ತೆರೆದ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು. ಅವಳು ಉಗುರು ನೋಡತೊಡಗಿದಳು. ದೊಡ್ಡಮ್ಮ ಚಾವಣಿ ನೋಡಿದಳು.

ಪಟಾಕಿ ಎದ್ದಳು. “ಹಾಕ್ರೀ ಸ್ವಿಚ್ಚು!”

“ಮೇಡಂ, ದಯವಿಟ್ಟು ಕೂತ್ಕೊಳ್ಳಿ.”

“ಮಗ್ಗ ಓಡಬೇಕು. ಈಗಲೇ ಓಡಬೇಕು.”

ಮ್ಯಾನೇಜರ್ ಅವಳ ಚೀಲದಿಂದ ಇಣುಕುತ್ತಿದ್ದ ಕರಪತ್ರದ ದಪ್ಪ ಅಕ್ಷರ ಓದಿ ತಬ್ಬಿಬ್ಬಾದ. “ನಿಲ್ಲಿಸಿ ಅಂತ ನೀವೇ ಬರೆದಿದೀರಲ್ಲ ಮೇಡಂ?”

“ಬರೆದಿದೀನಿ. ನಾಳೆ ಬಂದು ಗೇಟಲ್ಲಿ ಹಂಚ್ತೀನಿ. ಇವತ್ತು ಓಡಿಸಿ!”

“ನನ್ನ ಕೈಯಲ್ಲಿಲ್ಲ ಮೇಡಂ, ಮೇಲಿನವರ ಆದೇಶ. ಕಾಡುಪ್ರಾಣಿಗಳಿಗೆ ತೊಂದರೆ...”

“ಯಾವ ಪ್ರಾಣಿಗಳಿಗೆ ರೀ? ಇಡೀ ಮಿಲ್ಲು ಹಗಲೂ ರಾತ್ರಿ ಬಡ್ಕೋತಿದ್ದಾಗ ಈ ಜಿಂಕೆಗಳೆಲ್ಲ ಬಾಯ್ಲರಿನ ಗೋಡೆಗೆ ಒರಗಿ ಚಳಿ ಕಾಯಿಸ್ಕೋತಿದ್ವು! ಈಗ ಎರಡು ಮಗ್ಗ ಅವುಗಳ ನಿದ್ದೆ ಕೆಡಿಸ್ತಾವಾ? ಜನರನ್ನ ಸುಮ್ಮನಾಗಿಸಿದ್ದು ಸಾಲದು ಅಂತ ಮಗ್ಗದ ಬಾಯೂ ಕಟ್ತೀರಾ?”

ಮ್ಯಾನೇಜರ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಪಟಾಕಿಯ ಬಾಯಲ್ಲಿ ಬೇಕಾದಷ್ಟು ಭಾಷಣ ಸಿದ್ಧವಿತ್ತು, ಕೇಳಬೇಕಾದವರ ಕಿವಿಯ ಮೇಲೆ ಹೆಡ್‌ಫೋನಿತ್ತು. ಮುಷ್ಕರ ಮುರಿದವಳ ಸಮಾಧಾನಕ್ಕೆ ತಾನೇಕೆ ಇಷ್ಟು ಒದ್ದಾಡಬೇಕು ಎಂಬ ಪ್ರಶ್ನೆಯೂ ಬಂತು. ಆಗ ದೊಡ್ಡಮ್ಮನ ಕೈ ಕಣ್ಣಿಗೆ ಬಿತ್ತು. ಅದು ನಿಂತ ಮಗ್ಗದ ಚೌಕಟ್ಟನ್ನು, ಜ್ವರ ಬಂದ ಮಗುವಿನ ಹಣೆಯನ್ನು ಸವರುವಂತೆ ಸವರುತ್ತಿತ್ತು.

ಪಟಾಕಿ ಹಗ್ಗ ದಾಟಿದಳು. ಮಗ್ಗದ ಪಕ್ಕದಲ್ಲಿ ಕಬ್ಬಿಣದ ಚಕ್ರವೊಂದಿತ್ತು. ನೂಲು ಹರಿದಾಗ ಮಗ್ಗವನ್ನು ಸ್ವಲ್ಪ ಸ್ವಲ್ಪವೇ ಕದಲಿಸಲು ಕೈಯಿಂದ ತಿರುಗಿಸುವ ಚಕ್ರ. ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ.

“ಲಾಳಿ ತೆಗೆಯೋಕೆ ಬಿಡು ಮೊದಲು, ಅವಸರದವಳೇ,” ಎಂದಳು ದೊಡ್ಡಮ್ಮ. ಲಾಳಿಯನ್ನು ಹೊರಗೆಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು. “ಹಾಂ, ಈಗ. ಸೊಂಟದಿಂದ ಎಳಿ, ತೋಳಿಂದಲ್ಲ.”

ಪಟಾಕಿ ಸೊಂಟದಿಂದ ಎಳೆದಳು. ಮಗ್ಗ ನರಳಿತು. ಹಣಿಗೆ ಮುಂದೆ ಬಂತು, ಹಿಂದೆ ಹೋಯಿತು. ಒಂದು ಬಡಿತ, ದೊಡ್ಡ ಬಿಡುವು, ಇನ್ನೊಂದು ಬಡಿತ. ಮುದಿ ಎತ್ತು ಹೆಜ್ಜೆ ಹಾಕಿದಂತಿತ್ತು.

ಗುಂಗುರಿ ತಲೆಯೆತ್ತಿದಳು. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಅವಳ ಮುಖದ ಮೇಲೆಲ್ಲ ಇತ್ತು. ದೊಡ್ಡಮ್ಮ ಅವಳ ಕಡೆ ತಿರುಗದೆ, ಮಗ್ಗದ ಮರಕ್ಕೇ ಗಟ್ಟಿಯಾಗಿ ಹೇಳಿದಳು: “ಓಡ್ತಾ ಇದೆ. ಮಗ್ಗ ಓಡ್ತಾನೇ ಇದೆ. ಎಷ್ಟು ಜೋರಾಗಿ ಓಡಬೇಕು ಅಂತ ನಮ್ಮ ನೇಮದಲ್ಲಿ ಎಲ್ಲೂ ಇಲ್ಲ.”

ಆಮೇಲೆ ತಿರುಗಿ, ಎದುರಿನವಳ ಮುಖ ನೋಡಿದಳು.

ಚಕ್ರದ ಮೇಲೆ ಬಾಗಿದ್ದ ಪಟಾಕಿಗೆ ದೊಡ್ಡಮ್ಮನ ಬೆನ್ನಷ್ಟೇ ಕಾಣುತ್ತಿತ್ತು. ಅದರ ಪಕ್ಕದಿಂದ ಗುಂಗುರಿಯ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಮನೆಯಲ್ಲಿ ಕಾಯಿಲೆಯವರಿದ್ದರು ಅಂದಾಳು, ಇಲ್ಲವೇ ಮಾಲೀಕರು ಆಸೆ ತೋರಿಸಿದರು ಅಂದಾಳು, ಎರಡಕ್ಕೂ ಪಟಾಕಿಯ ಹತ್ತಿರ ಉತ್ತರ ಸಿದ್ಧವಿತ್ತು.

‘ಹೆದರಿದೆ ಕಣೆ,’ ಎಂದಿತು ಆ ಬಾಯಿ. ‘ಅಷ್ಟೇ. ಗೇಟಲ್ಲಿ ನೀವೆಲ್ಲ ಹಾಡ್ತಾ ಇದ್ರಿ. ನಿನ್ನ ಮುಖ ನೋಡಿದೆ, ಒಂಚೂರೂ ಹೆದರಿಕೆ ಇರಲಿಲ್ಲ. ಯಾರಿಗೂ ಇಲ್ಲ, ನನ್ನೊಬ್ಬಳಿಗೇ ಅನ್ನಿಸ್ತು. ನಾಚಿಕೆ ಆಯ್ತು. ನಿನ್ನ ಪಕ್ಕದಲ್ಲಿ ನಿಂತ್ಕೊಂಡು ನಡುಗೋದಕ್ಕಿಂತ ಒಳಗೆ ಹೋಗೋದೇ ಸಲೀಸು ಅನ್ನಿಸ್ತು.’

ಎಷ್ಟು ವೇದಿಕೆಗಳ ಮೇಲೆ ತಾನು ಅದೇ ಮುಖವನ್ನು ಎತ್ತಿ ಹಿಡಿದಿದ್ದೆ ಎಂಬುದು ನೆನಪಾಗಿ ಚಕ್ರದ ಮೇಲೆ ಪಟಾಕಿಯ ಕೈ ನಿಧಾನವಾಯಿತು. ಕೆಳಗೆ ಕೂತ ಎಷ್ಟು ಹೆಂಗಸರು ಅದನ್ನು ಕೇಳಿಸಿಕೊಂಡು, ತಮ್ಮ ನಡುಕವನ್ನು ಮುಚ್ಚಿಕೊಂಡು ಮನೆಗೆ ಹೋಗಿರಬಹುದು?

ದೊಡ್ಡಮ್ಮನ ಭುಜಗಳು ಕದಲಿದವು. ಅವಳು ಏನೋ ಹೇಳುತ್ತಿದ್ದಳು. ಉದ್ದದ ಮಾತು. ಬೆರಳುಗಳು ಎದೆಯನ್ನು, ಹೊಟ್ಟೆಯನ್ನು, ಮಂಡಿಯನ್ನು ತೋರಿಸಿದವು. ತುಟಿ ಮಾತ್ರ ಪಟಾಕಿಗೆ ಕಾಣಲಿಲ್ಲ. ಗುಂಗುರಿಯ ಕಣ್ಣು ಅಗಲವಾಗುತ್ತಾ ಹೋಯಿತು.

‘ನೀನಾ?’ ಎಂದಿತು ಆ ಬಾಯಿ. ‘ನೀನೂನಾ? ಹಾಡ್ತಿದ್ಯಲ್ಲೇ!’

ದೊಡ್ಡಮ್ಮನ ಕೈ ಗಾಳಿಯಲ್ಲಿ ಹಲ್ಲು ಕಟಕಟಿಸುವಂತೆ ಅಭಿನಯಿಸಿತು. ಹಲ್ಲು ಕಟಕಟಿಸುವುದನ್ನು ಮುಚ್ಚಲು ಹಾಡಿದ್ದು ಎಂಬುದು ಮಿಲ್ಲಿನ ಮಾತು ಬಾರದವರಿಗೂ ಅರ್ಥವಾಗುವಂತಿತ್ತು. ಗುಂಗುರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಕುಣಿಯುತ್ತಿತ್ತು. ಆಮೇಲೆ ಮಗ್ಗದ ಮೇಲಿದ್ದ ನೂಲಿನ ಉಂಡೆಯೊಂದನ್ನು ಎತ್ತಿ ದೊಡ್ಡಮ್ಮನ ಎದೆಗೆ ಎಸೆದಳು.

‘ಕಳ್ಳಿ! ಅವತ್ತೇ ಹೇಳೋಕೆ ಏನಾಗಿತ್ತೇ ನಿನಗೆ?’

“ಮೇಡಂ, ದಯವಿಟ್ಟು ಚಕ್ರ ಬಿಡಿ,” ಎಂದು ಮ್ಯಾನೇಜರ್ ಹಗ್ಗದಾಚೆಯಿಂದ ಬೇಡಿಕೊಂಡ. ಕೆಂಪು ಟೋಪಿಯವನು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಮುದುಕಿಯರನ್ನೇ ನೋಡುತ್ತಿದ್ದ. ಪಟಾಕಿಯ ಸೊಂಟ ಉಳುಕಿದಂತಾಗಿತ್ತು, ಅಂಗೈ ಉರಿಯುತ್ತಿತ್ತು. ಒಂದು ಉಸಿರು ತೆಗೆದುಕೊಳ್ಳಲು ಅವಳು ಚಕ್ರ ಸಡಿಲಿಸಿದಳು.

ದೊಡ್ಡಮ್ಮ ತಿರುಗಿಯೂ ನೋಡದೆ ಹಿಮ್ಮಡಿಯಿಂದ ಅವಳ ಮೀನಖಂಡಕ್ಕೆ ಒಂದು ಒದೆ ಕೊಟ್ಟಳು.

“ನಿಲ್ಲಿಸಬೇಡ್ವೇ! ಮುಷ್ಕರದ ಹಿಂದಿನ ದಿನಗಳು ಇನ್ನೂ ಹಾಗೇ ಇವೆ. ನಾವಿಬ್ರೂ ಮಿಲ್ಲಿಗೆ ಸೇರಿದ ದಿನದವರೆಗೂ ಹೋಗಬೇಕು.”

“ಅಷ್ಟೂ ಇವತ್ತೇನಾ?” ಎಂದು ಪಟಾಕಿ ನರಳಿದಳು.

ಅವರ ಮಾತು ಆಗಲೇ ಮುಂದೆ ಹೋಗಿತ್ತು. ಅವಳು ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು, ಸೊಂಟದಿಂದ ಎಳೆದಳು.